ಮಾವಿನ ತೋಪಿನ ಮೇಲೆ ಬಿದ್ದ ಹಿಮ

ನಾನು ಒಂದು ನಾಟಕ ಕಂಪನಿಯ ಪರದೆ. ನನ್ನ ಮೇಲಿರುವುದು ಹಿಮ ಬಿದ್ದ ಕಾಡು. ಆದರೆ ಈರಪ್ಪ ಚಿತ್ರಗಾರ ಬರೆಯಲು ಹೊರಟದ್ದು ಹಸಿರು ಮಾವಿನ ತೋಪು.

ಕಂಪನಿ ಆಗ ಗಜೇಂದ್ರಗಡದಲ್ಲಿ ಬೀಡುಬಿಟ್ಟಿತ್ತು. ಮಾದರಪಾಟ ಬಟ್ಟೆಯ ನಾಲ್ಕು ಪಟ್ಟಿ ಜೋಡಿಸಿ ಹೊಲಿದು ನನ್ನನ್ನು ನೆಲಕ್ಕೆ ಹಾಸಿದರು. ಈರಪ್ಪನಿಗೆ ಅರವತ್ತು ದಾಟಿತ್ತು. ಕಣ್ಣಿಗೆ ಪೊರೆ ಬಂದು ಬಣ್ಣಗಳೆಲ್ಲ ಒಂದೇ ತೆರ ಕಾಣುತ್ತಿದ್ದವು. ಅದನ್ನು ಯಾರಿಗೂ ಹೇಳಿರಲಿಲ್ಲ; ಕಂಪನಿ ಬಿಟ್ಟರೆ ಅವನಿಗೆ ಊರೂ ಇರಲಿಲ್ಲ, ಮನೆಯೂ ಇರಲಿಲ್ಲ. ಡಬ್ಬಿಗಳನ್ನು ಸಾಲಾಗಿಟ್ಟು, ಮೂರನೆಯದು ಹಸಿರು, ಐದನೆಯದು ಬಿಳಿ ಎಂದು ನೆನಪಿನ ಮೇಲೆ ಕೆಲಸ ಸಾಗಿಸುತ್ತಿದ್ದ.

ಆ ದಿನ ಕಸ ಗುಡಿಸಿದವರು ಆ ಎರಡನ್ನು ಅದಲುಬದಲು ಇಟ್ಟಿದ್ದರು. ಅಂಟಿನ ನೀರಲ್ಲಿ ಕಲಸಿದ ಬಿಳಿ ಹಸಿಯಿದ್ದಾಗ ಮಂಕಾಗಿಯೇ ಇರುತ್ತದೆ; ಹಾಗಾಗಿ ಸುತ್ತಲಿದ್ದವರಿಗೂ ಗೊತ್ತಾಗಲಿಲ್ಲ. ಸಂಜೆಯವರೆಗೆ ಅವನು ಮರಮರಕ್ಕೂ ಎಲೆ ಹಚ್ಚಿದ.

ಮರುದಿನ ನಾನು ಒಣಗಿದ ಮೇಲೆ ಮಾಲೀಕ ಬಾಳಾಸಾಹೇಬರು ಬಂದರು.

"ಏ ಈರಪ್ಪಾ! ತೋಪು ಬರಿ ಅಂದ್ರ ಹಿಮಾಲಯನ ತಂದು ಹಾಸೀಯಲ್ಲೋ ಮಾರಾಯಾ! ಇರ್ಲಿ, ಪಾರ್ವತಿ ತಪಸ್ಸಿಗೆ ಇದ ಬೇಕು."

"ಹೌದ್ರಿ... ಹಂಗ ಅನಸ್ತು," ಎಂದ ಈರಪ್ಪ.

ನಾನು ಕೆಳಗಿಳಿದರೆ ಸಾಕು, ಜನ ಚಪ್ಪಾಳೆ ತಟ್ಟುತ್ತಿದ್ದರು. ಅವನು ಮರೆಯಲ್ಲಿ ನಿಂತು ಕೇಳುತ್ತಿದ್ದ. ತಿಂಗಳೊಪ್ಪತ್ತಿನಲ್ಲಿ ಮಾಲೀಕರು ಹೊಸ ಬಟ್ಟೆ ಹಾಸಿಸಿ, "ಇಂಥಾದ್ದ ಇನ್ನೊಂದು ಬರಿ" ಎಂದರು.

ಆ ಮಧ್ಯಾಹ್ನ ಈರಪ್ಪ, ಪಾರ್ವತಿಯ ಪಾತ್ರ ಮಾಡುವ ಅಂಬೂತಾಯಿಯನ್ನು ನನ್ನ ಮುಂದೆ ಕರೆತಂದ.

"ಎಲ್ಲಾರೂ ಹಿಮ ಹಿಮ ಅಂತಾರ. ಹೆಂಗ ಕಾಣ್ತೈತಿ, ಒಂದೀಟು ಹೇಳವಾ."

"ಬರದಾಂವ ನೀನ, ನನ್ನ ಕೇಳ್ತಿ? ಚಾಷ್ಟಿ ಮಾಡಬ್ಯಾಡ ಕಾಕಾ," ಎಂದು ನಕ್ಕಳು. ಅವನು ನಗಲಿಲ್ಲ. ಅವಳು ಅವನ ಕಣ್ಣುಗಳನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಹತ್ತಿ ಹೊಲ ಒಡದಂಗ ಐತಿ, ಕಾಕಾ. ಟೊಂಗಿಟೊಂಗಿಗೂ ಬೆಳ್ಳಗ. ನಿಂತು ನೋಡಿದ್ರ ಮೈ ಜುಮ್ ಅಂತೈತಿ."

"ಹಂಗಾರ ಚೊಲೋ ಐತಿ ಅನ್ನು," ಎಂದು ನನ್ನ ಮೇಲೆ ಒಮ್ಮೆ ಕೈಯಾಡಿಸಿದ.

ಬೆಳಗಾದಾಗ ಅವನೂ ಇರಲಿಲ್ಲ, ಅವನ ಟ್ರಂಕೂ ಇರಲಿಲ್ಲ.

ಅಂಬೂತಾಯಿ ಅಳುತ್ತ ಅವನ ಕಣ್ಣಿನ ವಿಷಯ ತಿಳಿಸಿದಾಗ ಬಾಳಾಸಾಹೇಬರು ಹಣೆ ಬಡಿದುಕೊಂಡರು. "ಹೇಳಿದ್ರ ನಾ ಏನ್ ನುಂಗತಿದ್ನೇನು? ಡಬ್ಬಿ ಕೈಗೆ ಕೊಡಾಕ ಒಬ್ಬರನ್ನ ಇಡ್ತಿದ್ದೆ!" ಮೂರು ಊರಿಗೆ ಆಳು ಕಳಿಸಿದರು. ಸಿಗಲಿಲ್ಲ. ಅವನಿಗೆಂದು ಹಾಸಿದ್ದ ಬಟ್ಟೆ ನಾಲ್ಕು ದಿನ ಹಾಗೇ ಬಿದ್ದಿತ್ತು.

ಮುಂದೆ ಕಂಪನಿ ಮುಚ್ಚಿತು. ನಾನು ಸುಣ್ಣದ ವ್ಯಾಪಾರಿಯ ಚೀಲಗಳಿಗೆ ಹೊದಿಕೆಯಾದೆ; ಅಲ್ಲಿಂದ ಒಂದು ಶಾಲೆಗೆ ಬಂದೆ. ಈಗ ಅದರ ಅಟ್ಟದ ಮೇಲೆ ಬಿದಿರಿಗೆ ಸುತ್ತಿಕೊಂಡು ಮಲಗಿದ್ದೇನೆ. ಮೂಲೆಯನ್ನು ಇಲಿ ತಿಂದಿದೆ.

ಬಹಳ ಜನರನ್ನು ಕಂಡಿದ್ದೇನೆ. ಬಾಯಿಬಿಟ್ಟು ಸಹಾಯ ಕೇಳಿದವರನ್ನು ಹೊರಗೆ ಹಾಕಿದವರು ಕಡಿಮೆ. ಕೇಳಿದರೆ ಅನ್ನ ಹೋಗುತ್ತದೆಂದು ಈರಪ್ಪ ಅಂಜಿದ. ಯಾರೂ ಹೊರಗೆ ಹಾಕದಿದ್ದರೂ ತಾನೇ ಎದ್ದು ಹೋದ.