ತಂತಿಯೊಂದೇ ಉಳಿದಾಗ

"ಹಲೋ, ಯಾರು ಮಾತಾಡ್ತಿರೋದು? ಏನಾಯ್ತು ಹೇಳಿ."

ಮೂರನೇ ಸಲ ಕೇಳಿದರೂ ಆ ಕಡೆಯಿಂದ ಉತ್ತರ ಬರಲಿಲ್ಲ. ಉಸಿರೇನೋ ಕೇಳಿಸುತ್ತಿತ್ತು. ಚಿಕ್ಕ ಉಸಿರು, ನಡುನಡುವೆ ಮೂಗು ಮೇಲೆಳೆದುಕೊಳ್ಳುವ ಸದ್ದು. ದೊಡ್ಡಕ್ಕ ಹೆಡ್‌ಫೋನನ್ನು ಎರಡೂ ಕೈಗಳಿಂದ ಕಿವಿಗೆ ಒತ್ತಿಕೊಂಡಳು.

ತುರ್ತು ಕರೆಗಳನ್ನು ತೆಗೆದುಕೊಳ್ಳುವ ಆ ಹಾಲಿನಲ್ಲಿ ಹದಿನಾಲ್ಕು ಮೇಜುಗಳಿದ್ದವು. ಹದಿಮೂರರ ಮುಂದೆ ಕಾಲೇಜು ಮುಗಿಸಿ ನಿನ್ನೆ ಮೊನ್ನೆ ಬಂದ ಹುಡುಗ ಹುಡುಗಿಯರು. ನಲವತ್ತೆಂಟು ದಾಟಿದವಳು ಇವಳೊಬ್ಬಳೇ. ಹಾಗಾಗಿ ಎಲ್ಲರ ಬಾಯಲ್ಲೂ ಇವಳು ದೊಡ್ಡಕ್ಕ. ಎದುರಿನ ಪರದೆಯ ಮೇಲೆ ನಂಬರು ಮೂಡಿತ್ತು. ಅದರ ಕೆಳಗಿದ್ದ ವಿಳಾಸ ಹಳೆಯದು ಎಂದು ನೋಡಿದ ತಕ್ಷಣ ಗೊತ್ತಾಗುತ್ತಿತ್ತು, ಯಾಕೆಂದರೆ ವಿಳಾಸವಿದ್ದದ್ದು ಊರಿನ ಒಂದು ತುದಿಯಲ್ಲಿ, ಫೋನಿನ ಗುರುತು ತೋರಿಸುತ್ತಿದ್ದ ಕೆಂಪು ವೃತ್ತವಿದ್ದದ್ದು ಇನ್ನೊಂದು ತುದಿಯಲ್ಲಿ. ವೃತ್ತದೊಳಗೆ ನೀರಿನ ಟ್ಯಾಂಕೊಂದರ ಸುತ್ತ ಮೂವತ್ತಕ್ಕೂ ಹೆಚ್ಚು ವಸತಿ ಕಟ್ಟಡಗಳು. ಮಧ್ಯಾಹ್ನ ಮೂರೂ ಹತ್ತರ ಹೊತ್ತು.

"ಮೇಡಂ, ಒಂದೂವರೆ ನಿಮಿಷ ಆಯ್ತು."

ಬೆನ್ನ ಹಿಂದೆ ಸೂಪರ್‌ವೈಸರು ನಿಂತಿದ್ದರು. ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ಮೇಜುಗಳ ನಡುವೆ ಓಡಾಡುವ ಅವರ ಚಾಳಿಗೆ ಹುಡುಗರು ಹೆಡ್ಮಾಸ್ಟ್ರು ಎಂದು ಹೆಸರಿಟ್ಟಿದ್ದರು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು, ಕೇಳಿಸದವರ ಹಾಗೆ ಇದ್ದರು. ಅವರು ತಮ್ಮ ಹೆಡ್‌ಫೋನಿನ ವೈರನ್ನು ಇವಳ ಮೇಜಿಗೆ ಸಿಕ್ಕಿಸಿಕೊಂಡು ಕರೆಯನ್ನು ಕೇಳುತ್ತಿದ್ದರು.

"ಯಾವುದೋ ಮಗು ಫೋನ್ ಹಿಡ್ಕೊಂಡು ಆಟ ಆಡ್ತಿದೆ. ಹಿಂದೆ ಟಿವಿ ಬೇರೆ ಓಡ್ತಿದೆ. ಎರಡು ನಿಮಿಷಕ್ಕೆ ಕಟ್ ಮಾಡ್ಬಿಡಿ. ಹೋದ ತಿಂಗಳದ್ದು ನೆನಪಿದೆ ಅಲ್ವಾ?"

ನೆನಪಿಲ್ಲದೆ ಏನು. ಹೋದ ತಿಂಗಳು ಇಂಥದೇ ಮೂಕ ಕರೆಯೊಂದನ್ನು ಅವಳು ಹನ್ನೊಂದು ನಿಮಿಷ ಹಿಡಿದುಕೊಂಡು ಕೂತಿದ್ದಳು. ಕೊನೆಗೆ ನೋಡಿದರೆ ಅದು ಯಾರದೋ ಪ್ಯಾಂಟಿನ ಜೇಬಿನಲ್ಲಿ ತಾನಾಗಿಯೇ ಒತ್ತಿಹೋದ ಫೋನು. ಅಷ್ಟರಲ್ಲಿ ಎದೆನೋವಿನ ಒಬ್ಬ ಮುದುಕ ಸಾಲಿನಲ್ಲಿ ನಾಲ್ಕು ನಿಮಿಷ ಕಾದಿದ್ದ. ಅವನೇನೋ ಉಳಿದ, ಇವಳ ಮುಖ ಮಾತ್ರ ಎಲ್ಲರೆದುರು ಸಣ್ಣದಾಗಿತ್ತು.

ಅವಳು ಕರೆ ಕಟ್ ಮಾಡುವ ಗುಂಡಿಯ ಮೇಲೆ ಬೆರಳಿಟ್ಟಳು. ಇಟ್ಟ ಬೆರಳು ಹಾಗೇ ನಿಂತುಬಿಟ್ಟಿತು. ಹಿಂದೆ ಕೇಳಿಸುತ್ತಿದ್ದದ್ದು ಟಿವಿ ಅಲ್ಲ. ಒಂದೇ ಒಂದು ತಂತಿಯನ್ನು ಯಾರೋ ಬಿಡುವು ಕೊಟ್ಟು ಕೊಟ್ಟು ಮೀಟುತ್ತಿದ್ದರು.

ಆ ಹಾಡು ಅವಳಿಗೆ ಗೊತ್ತಿತ್ತು. ಎರಡು ವರ್ಷ ಅದು ಅವಳ ಮನೆಯಲ್ಲೇ ಇತ್ತು. ಮಗಳು ನಡುಮನೆಯಲ್ಲಿ ಕಾಲು ಚಾಚಿ ಕೂತು ಆ ವಿಡಿಯೋ ಗೇಮ್ ಆಡುತ್ತಿದ್ದಳು, ಇವಳು ಗೋಡೆಯಾಚೆ ಅಡುಗೆಮನೆಯಲ್ಲಿ ಇರುತ್ತಿದ್ದಳು. ಪರದೆಯ ಮೇಲೆ ಏನು ಕುಣಿಯುತ್ತದೆ ಎಂದು ಒಂದು ದಿನವಾದರೂ ಬಗ್ಗಿ ನೋಡಿದವಳಲ್ಲ. ನೋಡಲು ಪುರುಸೊತ್ತು ಇರಲಿಲ್ಲ, ನೋಡಬಾರದೆಂಬ ಹಟವೂ ಇತ್ತು. ಆದರೆ ಕಿವಿಗೆ ಬಾಗಿಲು ಹಾಕಲು ಬರುವುದಿಲ್ಲವಲ್ಲ. ಮಗಳು ಆಡುತ್ತಿರುವಾಗ ಡೋಲು, ಕೊಳಲು, ತಂತಿ ಮೂರೂ ಸೇರಿ ನುಡಿಯುತ್ತಿದ್ದವು. ಅವಳು ಆಟ ಬಿಟ್ಟು ಫೋನಿಗೋ ನಿದ್ದೆಗೋ ಜಾರಿದರೆ ಹಾಡು ಒಂದೊಂದೇ ವಾದ್ಯ ಕಳೆದುಕೊಳ್ಳುತ್ತಿತ್ತು. ಒಂದು ಪಾತ್ರೆ ಹಾಲು ಕಾಯುವಷ್ಟರಲ್ಲಿ ಡೋಲು ನಿಲ್ಲುತ್ತಿತ್ತು. ಒಣಗಿದ ಬಟ್ಟೆಯನ್ನೆಲ್ಲ ಮಡಚಿ ಮುಗಿಸುವಷ್ಟರಲ್ಲಿ ಕೊಳಲೂ ಹೋಗುತ್ತಿತ್ತು. ಒಂಟಿ ತಂತಿ ಮಾತ್ರ ಉಳಿಯಿತೆಂದರೆ ಅರ್ಧ ಗಂಟೆಯ ಮೇಲಾಯಿತು ಎಂದೇ ಲೆಕ್ಕ. ಆಗ ಇವಳು ಕೈ ಒರೆಸಿಕೊಳ್ಳುತ್ತ, "ಲೇ, ಆಡೋದಾದ್ರೆ ಆಡು, ಇಲ್ಲಾಂದ್ರೆ ಆರಿಸಿ ಮಲ್ಕೋ" ಎಂದು ಕೂಗು ಹಾಕುತ್ತಿದ್ದಳು.

"ಸಾರ್, ಇದು ಟಿವಿ ಅಲ್ಲ, ವಿಡಿಯೋ ಗೇಮು. ಆಟ ಬಿಟ್ಟು ಅರ್ಧ ಗಂಟೆ ಮೇಲಾಗಿದೆ."

"ನಿಮಗೆ ಹೇಗೆ ಗೊತ್ತು?"

"ಡೋಲೂ ಇಲ್ಲ, ಕೊಳಲೂ ಇಲ್ಲ. ತಂತಿ ಒಂದೇ ಉಳಿದಿದೆ."

ಹೆಡ್ಮಾಸ್ಟ್ರು ಅವಳ ಮುಖವನ್ನೇ ನೋಡಿದರು. ಇವಳಿಗೆ ಜ್ವರಗಿರ ಇದೆಯೇ ಎಂದು ಹಣೆ ಮುಟ್ಟಿ ನೋಡುವುದೊಂದು ಬಾಕಿ.

"ಆಡೋ ಆಟ ಬಿಟ್ಟು ಅರ್ಧ ಗಂಟೆ ಸುಮ್ನೆ ಕೂತಿರೋ ಮಗುನ ನೀವು ಎಲ್ಲಾದ್ರೂ ನೋಡಿದೀರಾ ಸಾರ್? ಅಲ್ಲೇನೋ ಆಗಿದೆ."

ಹೆಡ್ಮಾಸ್ಟ್ರ ಮನೆಯಲ್ಲಿ ಇಬ್ಬರು ಮಕ್ಕಳಿದ್ದರು. ಅವರು ಗೋಡೆಯ ಗಡಿಯಾರ ನೋಡಿದರು, ಮಿಣಮಿಣ ಎನ್ನುತ್ತಿದ್ದ ಇತರ ಕರೆಗಳ ದೀಪ ನೋಡಿದರು. "ಒಂದು ನಿಮಿಷ," ಎಂದರು. "ಒಂದೇ."

ದೊಡ್ಡಕ್ಕ ಕಣ್ಣು ಮುಚ್ಚಿಕೊಂಡು ಆ ಹಾಡನ್ನು ಗುನುಗತೊಡಗಿದಳು. ಬಾಯಲ್ಲಿ ಕೊಳಲಿನ ಭಾಗ, ಮೇಜಿನ ಕೆಳಗೆ ಕಾಲಿನಲ್ಲಿ ಡೋಲಿನ ತಾಳ. ಅವಳಿಗೆ ಹಾಡು ಬರುತ್ತದೆ ಎಂದು ಯಾರೂ ಹೇಳಿದ್ದಿಲ್ಲ. ಪಕ್ಕದ ಮೇಜಿನ ಹುಡುಗಿ ತನ್ನ ಕರೆಯ ನಡುವೆಯೇ ತಿರುಗಿ ನೋಡಿದಳು. ನೋಡಲಿ. ಆ ಕಡೆಯ ಉಸಿರು ಗಕ್ಕನೆ ನಿಂತಿತು. ಪುಟ್ಟ ಪಾದಗಳ ಸದ್ದು, ಏನನ್ನೋ ಕೈಗೆತ್ತಿಕೊಂಡ ಸದ್ದು, ಆಮೇಲೆ ಒಮ್ಮೆಲೇ ಡೋಲು, ಕೊಳಲು, ತಂತಿ ಎಲ್ಲವೂ ಒಟ್ಟಿಗೆ ಕಿವಿ ತುಂಬಿದವು.

"ಜಾಣ ಮರಿ," ಎಂದಳು ದೊಡ್ಡಕ್ಕ. "ಮಾತಾಡಕ್ಕೆ ಆಗ್ತಿಲ್ವಾ? ಬೇಡ ಬಿಡು. ಈ ಆಟದಲ್ಲಿ ಒಂದು ಗಂಟೆ ಹೊಡೆಯುತ್ತಲ್ಲ, ಟಣ್ ಅಂತ, ಅದು ಹೇಗೆ ಬರುತ್ತೋ ನಂಗೊತ್ತಿಲ್ಲ, ನಿಂಗೊತ್ತಿರುತ್ತೆ. ಹೌದು ಅಂದ್ರೆ ಒಂದ್ಸಲ ಹೊಡಿ, ಇಲ್ಲ ಅಂದ್ರೆ ಎರಡು ಸಲ. ನಾನು ಹೇಳಿದ್ದು ತಿಳೀತಾ?"

ಟಣ್.

"ಅಮ್ಮ ಮನೇಲಿದಾರಾ?"

ಟಣ್.

"ಬಿದ್ದುಬಿಟ್ಟಿದಾರಾ?"

ಟಣ್.

"ಕೂಗಿದ್ರೆ ಕಣ್ಣು ಬಿಡ್ತಾರಾ?"

ಟಣ್. ಟಣ್.

"ಬೇರೆ ದೊಡ್ಡೋರು ಯಾರಾದ್ರೂ ಇದಾರಾ?"

ಟಣ್. ಟಣ್.

ಹೆಡ್ಮಾಸ್ಟ್ರು ಆಗಲೇ ವೈರ್‌ಲೆಸ್ ಎತ್ತಿಕೊಂಡಿದ್ದರು. "ಟ್ಯಾಂಕ್ ಹತ್ರದ ಗಾಡಿ ಯಾವುದಿದೆ? ಹೊರಡಿ. ವಿಳಾಸ ಇಲ್ಲ. ಸೈರನ್ ಹಾಕ್ಕೊಂಡು ಬೀದಿ ಬೀದಿ ಸುತ್ತಿ. ಇಲ್ಲಿ ಫೋನಲ್ಲಿ ಕೇಳಿಸಿದ ಕೂಡ್ಲೇ ಹೇಳ್ತೀವಿ." ವಿಳಾಸ ಸಿಗದ ಮನೆಗಳನ್ನು ಅವರು ಹುಡುಕುತ್ತಿದ್ದದ್ದೇ ಹೀಗೆ.

ದೊಡ್ಡಕ್ಕ ಮುಂದಿನ ಪ್ರಶ್ನೆಯನ್ನು ಕೇಳಲೇಬೇಕಿತ್ತು, ಕೇಳಲು ಭಯ. "ಮರಿ, ಅಮ್ಮನ ಮೂಗಿನ ಹತ್ರ ಕೈ ಇಟ್ಟು ನೋಡ್ಕೊಂಡು ಬಾ. ಬೆಚ್ಚಗೆ ಗಾಳಿ ತಾಗುತ್ತಾ ಅಂತ. ತಾಗಿದ್ರೆ ಒಂದ್ಸಲ, ಇಲ್ಲಾಂದ್ರೆ ಎರಡು."

ಪಾದಗಳು ಓಡಿದವು. ಹಾಡು ತನ್ನ ಪಾಡಿಗೆ ಉಲ್ಲಾಸದಿಂದ ನುಡಿಯುತ್ತಿತ್ತು. ಯಾವನೋ ಪುಣ್ಯಾತ್ಮ ಎಲ್ಲೋ ಕೂತು ಆಟದ ವೀರನೊಬ್ಬ ಬೆಟ್ಟ ಕಾಡು ಅಲೆಯಲಿ ಎಂದು ಕಟ್ಟಿದ ಹಾಡದು. ಇಂಥ ಹೊತ್ತಿಗೆ ಬೇಕಾಗಬಹುದೆಂದು ಅವನೂ ಎಣಿಸಿರಲಾರ. ಪಾದಗಳು ಮರಳಿ ಬಂದವು.

ಟಣ್.

ದೊಡ್ಡಕ್ಕ ಹೆಡ್‌ಫೋನನ್ನು ಮತ್ತೆ ಕಿವಿಗೆ ಒತ್ತಿಕೊಂಡಳು. ಹೆಡ್ಮಾಸ್ಟ್ರೂ ವೈರ್‌ಲೆಸ್ಸನ್ನು ಬಾಯಿಯಿಂದ ದೂರ ಹಿಡಿದು ನಿಂತರು. ಇನ್ನೊಂದು ಬರುತ್ತದೆಯೇ? ಡೋಲು ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತು ಹಾಕಿತು. ಬರಲಿಲ್ಲ.

"ಒಂದೇ ಅಲ್ವಾ ಮರಿ? ಉಸಿರಿದೆ ಅಲ್ವಾ?"

ಟಣ್.

"ಹಾಗಾದ್ರೆ ಅಮ್ಮನ ಮುಖ ಮೆಲ್ಲಗೆ ಒಂದು ಪಕ್ಕಕ್ಕೆ ತಿರುಗಿಸಿ ಬಾ. ಅಷ್ಟೇ ಸಾಕು. ಬಾಯಿಗೆ ನೀರುಗೀರು ಹಾಕಬೇಡ. ನಾವು ಬರ್ತಿದೀವಿ."

ಮಗು ಹೋಗಿ ಬಂದ ಮೇಲೆ ಮಹಡಿ ಎಷ್ಟನೆಯದು ಎಂದು ಕೇಳಿದಳು. ಗಂಟೆ ನಾಲ್ಕು ಸಲ ಹೊಡೆಯಿತು. ನಾಲ್ಕನೆಯ ಮಹಡಿ ಎಂದು ಅವಳು ಕಾಗದದ ಮೇಲೆ ದೊಡ್ಡದಾಗಿ ಬರೆದು ತೋರಿಸಿದಳು. ಹೆಡ್ಮಾಸ್ಟ್ರು ಅದನ್ನು ಗಾಡಿಗೆ ದಾಟಿಸಿದರು.

ಆಮೇಲೆ ಕಾಯುವುದೇ ಕೆಲಸ. "ಅಮ್ಮನ ಹತ್ರ ಕೂತ್ಕೋ, ಫೋನ್ ಅಲ್ಲೇ ಇರ್ಲಿ, ನಾನೆಲ್ಲೂ ಹೋಗಲ್ಲ," ಎಂದು ಅವಳು ಒಂದೇ ಸಮನೆ ಮಾತಾಡುತ್ತಿದ್ದಳು. ಏನು ಮಾತಾಡಿದಳೆಂದು ಆಮೇಲೆ ಕೇಳಿದ್ದರೆ ಅವಳಿಗೇ ನೆನಪಿರುತ್ತಿರಲಿಲ್ಲ. ಹೊರಗೆ ಟ್ರಾಫಿಕ್ಕು, ಒಳಗೆ ಗಡಿಯಾರ. ಡೋಲು ನಿಂತುಹೋಯಿತು. ಹಾಲು ಕಾಯುವಷ್ಟು ಹೊತ್ತು ಆಗಿಯೇಹೋಯಿತೇ ಎಂದು ಅವಳು ಗಡಿಯಾರದ ಕಡೆ ನೋಡಿದಳು.

ಅಷ್ಟರಲ್ಲಿ ಕೊಳಲಿನ ಹಿಂದೆ ಎಲ್ಲೋ ದೂರದಲ್ಲಿ ಸೈರನ್ನಿನ ಎಳೆ ಕೇಳಿಸಿತು.

"ಬಂತು! ಹಾಗೇ ಮುಂದೆ ಬರ್ಲಿ ಸಾರ್." ಎಳೆ ದಪ್ಪವಾಯಿತು, ಇನ್ನೂ ದಪ್ಪವಾಯಿತು, ಮತ್ತೆ ಸಣ್ಣಗಾಗತೊಡಗಿತು. "ದಾಟಿಬಿಟ್ರು! ಹಿಂದಕ್ಕೆ, ಹಿಂದಕ್ಕೆ!" ಎಂದು ಅವಳು ಕುರ್ಚಿಯಿಂದ ಅರ್ಧ ಎದ್ದಳು. ಸೈರನ್ನು ಮರಳಿತು. ಕೊಳಲನ್ನು ಪೂರಾ ಮುಳುಗಿಸಿ ಕಿವಿಯೊಳಗೇ ಕಿರುಚಿತು. "ನಿಲ್ಲಿ. ಅದೇ ಕಟ್ಟಡ."

ಹೆಡ್ಮಾಸ್ಟ್ರು ವೈರ್‌ಲೆಸ್ಸನ್ನು ಅವಳ ಇನ್ನೊಂದು ಕಿವಿಯ ಬಳಿ ಹಿಡಿದರು. ಮೆಟ್ಟಿಲ ಮೇಲೆ ಬೂಟುಗಳು ದಡದಡ ಹತ್ತಿದವು. ಬಾಗಿಲು ಬಡಿದರು. ಆ ಬಡಿತ ವೈರ್‌ಲೆಸ್ಸಿನಲ್ಲಿ ಕೇಳಿಸಿತು. ಫೋನಿನಲ್ಲಿ ಮಾತ್ರ ಕೊಳಲು, ತಂತಿ, ಅಷ್ಟೇ.

"ನಾಲ್ಕನೇ ಮಹಡಿಲಿ ಎರಡೂ ಬಾಗಿಲು ಬಡಿದ್ವಿ," ಎಂದಳು ಆಂಬುಲೆನ್ಸಿನ ನರ್ಸು ಏದುತ್ತ. "ಒಂದ್ರಲ್ಲಿ ಬೀಗ, ಇನ್ನೊಂದ್ರಲ್ಲಿ ಯಾರೋ ಅಜ್ಜ ಬಂದ್ರು."

"ಇಲ್ಲಿ ಕೇಳಿಸ್ಲೇ ಇಲ್ಲ," ಎಂದಳು ದೊಡ್ಡಕ್ಕ.

ಕಟ್ಟಡವೇ ತಪ್ಪಿತೇ? ಮಗುವನ್ನು ಮತ್ತೆ ಕೇಳಲೇ ಎಂದುಕೊಂಡವಳಿಗೆ ತನ್ನ ಮಗಳು ಚಿಕ್ಕವಳಾಗಿದ್ದಾಗ ಮೆಟ್ಟಿಲ ಬುಡದಲ್ಲಿ ನಿಂತು ನೆಲವನ್ನೇ ಒಂದು ಎಂದು ಎಣಿಸುತ್ತಿದ್ದದ್ದು ನೆನಪಾಯಿತು. ಎಷ್ಟು ತಿದ್ದಿದರೂ ಆ ಪುಟಾಣಿ ಒಪ್ಪುತ್ತಿರಲಿಲ್ಲ, "ನಾನು ನಿಂತಿರೋದು ಲೆಕ್ಕಕ್ಕೆ ಇಲ್ವಾ?" ಎನ್ನುತ್ತಿದ್ದಳು.

"ಒಂದು ಕೆಳಗಿಳೀರಿ! ಮಗು ನೆಲದಿಂದ ಎಣಿಸಿದೆ. ಒಂದು ಮಹಡಿ ಕೆಳಗೆ."

ಬೂಟುಗಳು ಇಳಿದವು. ದಬದಬ ಎಂಬ ಬಡಿತ ಎರಡೂ ಕಿವಿಗಳಲ್ಲಿ ಒಟ್ಟಿಗೇ ಬಿತ್ತು.

"ಮರಿ, ಅದು ನಾವೇ. ಓಡು, ಬಾಗಿಲು ತೆಗಿ!"

ಕುರ್ಚಿ ಎಳೆದ ಸದ್ದು. ಚಿಲಕಕ್ಕೆ ಕೈ ಎಟುಕದೆ ಜಾರಿದ ಸದ್ದು. ಮತ್ತೊಮ್ಮೆ. ಆಮೇಲೆ ಕಟಕ್ ಎಂದಿತು, ಮನೆಯ ತುಂಬ ದೊಡ್ಡವರ ದನಿಗಳು ನುಗ್ಗಿದವು. "ಬಾತ್‌ರೂಮಲ್ಲಿದಾರೆ," "ಬೆಳಕು ಹಿಡಿ," "ಸಕ್ಕರೆ ನೋಡು ಮೊದ್ಲು," "ಪುಟ್ಟಿ, ನೀನು ಆಚೆ ಕೋಣೇಲಿರು." ಅವಳು ಹುಡುಗಿ ಎಂದು ದೊಡ್ಡಕ್ಕನಿಗೆ ಗೊತ್ತಾದದ್ದು ಆಗಲೇ.

ನಂತರದ ಏಳೆಂಟು ನಿಮಿಷ ದೊಡ್ಡಕ್ಕ ಮೇಜಿನ ಅಂಚು ಹಿಡಿದು ಕೂತಿದ್ದಳು. ಇನ್ನೊಂದು ಕರೆ ತೆಗೆದುಕೊಳ್ಳಿ ಎಂದು ಹೆಡ್ಮಾಸ್ಟ್ರು ಹೇಳಲಿಲ್ಲ. ಕೊನೆಗೆ ನರ್ಸಿನ ದನಿ ಬಂತು. "ಸಕ್ಕರೆ ಪೂರಾ ಇಳಿದುಹೋಗಿತ್ತು ಸಾರ್. ತಲೆಗೂ ಪೆಟ್ಟಾಗಿದೆ. ಡ್ರಿಪ್ ಹಾಕಿದ್ಮೇಲೆ ಕಣ್ಣು ಬಿಟ್ರು, ಮಗುನ ಗುರುತು ಹಿಡಿದ್ರು. ಸ್ಟ್ರೆಚರ್ ಇಳಿಸ್ತಿದೀವಿ. ಹುಡುಗೀನೂ ಕರ್ಕೊಂಡು ಹೋಗ್ತೀವಿ. ಪಾಪ, ಒಂದ್ಮಾತೂ ಆಡ್ತಿಲ್ಲ."

ದೊಡ್ಡಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತದ್ದು ತನಗೇ ತಿಳಿದಿರಲಿಲ್ಲ. ಖುಷಿಯಾಗಿತ್ತು, ಅಂಥ ಖುಷಿ ಎಷ್ಟೋ ತಿಂಗಳಿಂದ ಆಗಿರಲಿಲ್ಲ.

"ಶಭಾಷ್ ಮೇಡಂ," ಎಂದರು ಹೆಡ್ಮಾಸ್ಟ್ರು ತಗ್ಗಿದ ದನಿಯಲ್ಲಿ. "ಗಾಡಿಯವರ ವರದಿ ಬಂತು. ಇನ್ನು ಲೈನ್ ಬಿಟ್ಬಿಡಿ. ಸಾಲಲ್ಲಿ ಇಬ್ಬರು ಕಾಯ್ತಿದಾರೆ."

ಅವಳು ಗುಂಡಿಯ ಮೇಲೆ ಬೆರಳಿಟ್ಟಳು. ಆಗಲೇ ಆ ಕಡೆ ಡೋಲು ಎದ್ದಿತು. ಪುಟ್ಟಿ ಹೊರಡುವ ಮುಂಚೆ ಮತ್ತೆ ಆಟಕ್ಕೆ ಬಂದಿದ್ದಳು. ವೀರನ ಹೆಜ್ಜೆಗಳು ಸರಸರ ಕೇಳಿಸಿದವು, ಗಂಟೆ ಒಮ್ಮೆ ಹೊಡೆಯಿತು, ಬಳಿಕ ಹಾಡು ಬದಲಾಯಿತು. ನಿಧಾನದ, ನಿದ್ದೆ ಬರಿಸುವಂಥ ಹಾಡು. ಅದೂ ದೊಡ್ಡಕ್ಕನಿಗೆ ಗೊತ್ತಿತ್ತು. ಅಲೆದು ದಣಿದ ವೀರ ತಂಗುವ ಮನೆ ಸೇರಿ ಮಲಗುವಾಗಿನ ಹಾಡು. ಅದು ಪೂರ್ತಿಯಾದ ಮೇಲೇ ಅಷ್ಟುಹೊತ್ತು ಆಡಿದ್ದು ಸೇವ್ ಆಗಿ ಉಳಿಯುವುದು ಎಂದು ಮಗಳು ಹೇಳಿದ್ದಳು. ಹೇಳಿದ್ದು ಯಾವಾಗ ಎಂದರೆ, ಪರೀಕ್ಷೆಯ ವಾರ ಇವಳು ಸಿಟ್ಟಿಗೆದ್ದು ಬಂದು, ಅದೇ ಹಾಡಿನ ನಡುವೆ, ಪ್ಲಗ್ಗನ್ನು ಗೋಡೆಯಿಂದ ಕಿತ್ತೆಸೆದ ದಿನ. "ಹಾಡು ಮುಗಿಯೋವರೆಗಾದ್ರೂ ಬಿಡಬಾರ್ದಿತ್ತಾ ಅಮ್ಮಾ?" ಎಂದು ಅತ್ತ ಮಗಳು ಎರಡು ದಿನ ಮಾತು ಬಿಟ್ಟಿದ್ದಳು. ಈಗ ಅವಳು ಓದಲು ಹಾಸ್ಟೆಲು ಸೇರಿ ವರ್ಷವಾಗಿತ್ತು. ಆಟದ ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿಟ್ಟಿತ್ತು.

"ಮೇಡಂ, ಲೈನು," ಎಂದು ಹೆಡ್ಮಾಸ್ಟ್ರೇ ಗುಂಡಿಯತ್ತ ಕೈ ಚಾಚಿದರು.

"ಹಾಡು ಮುಗೀಲಿ ಸಾರ್," ಎಂದಳು ದೊಡ್ಡಕ್ಕ.

ಹೆಡ್ಮಾಸ್ಟ್ರು ಕೈಯನ್ನು ಹಿಂದಕ್ಕೆಳೆದುಕೊಂಡರು. ಕೊಳಲು ತನ್ನ ಕೊನೆಯ ಸಾಲನ್ನು ಮೆಲ್ಲಗೆ ಹಾಡಿ ಸುಮ್ಮನಾಯಿತು, ತಂತಿ ಒಂದು ಸಲ ಮಿಡಿಯಿತು. ಆ ಕಡೆ ಯಾರೋ ಸ್ವಿಚ್ಚು ಆರಿಸಿದರು. ಪುಟ್ಟ ಪಾದಗಳು ಬಾಗಿಲಿನ ತನಕ ಓಡಿದವು, ಬಾಗಿಲು ಮುಚ್ಚಿಕೊಂಡಿತು.

ದೊಡ್ಡಕ್ಕ ಲೈನನ್ನು ತಾನೇ ಬಿಟ್ಟಳು. ಮೇಜಿನ ಕೆಳಗೆ ಅವಳ ಕಾಲು ಇನ್ನೂ ತಾಳ ಹಾಕುತ್ತಲೇ ಇತ್ತು.