ಕೊಡದ ನೀರು

ಬೀರಪ್ಪನ ಮೈಗೆ ಬೆಂಕಿ ಹೊತ್ತಿದ್ದು 2003ರ ಏಪ್ರಿಲ್‌ನಲ್ಲಿ, ಉದ್ಯಾವರದ ಹತ್ತಿರ ರಸ್ತೆಗೆ ಡಾಂಬರು ಹಾಕುವಾಗ. ಕುದಿಯುತ್ತಿದ್ದ ಡಾಂಬರು ಡ್ರಮ್ಮಿನಿಂದ ಉಕ್ಕಿ ಒಲೆಗೆ ಬಿದ್ದು ಭಗ್ಗೆಂದಿತು. ಎದೆ, ಹೊಟ್ಟೆ, ಎರಡೂ ತೊಡೆ ಸುಟ್ಟವು. ಅವನ ಜೊತೆ ಕುಷ್ಟಗಿಯಿಂದ ಬಂದು ಅಲ್ಲೇ ಜಲ್ಲಿ ಹೊರುತ್ತಿದ್ದ ಹೆಂಡತಿ ಶರಣಮ್ಮ ಗೋಣಿಚೀಲದಿಂದ ಬಡಿದು ಬೆಂಕಿ ಆರಿಸಿದಳು. ಮೇಸ್ತ್ರಿ ಸಿರಿಲ್ ಇಬ್ಬರನ್ನೂ ಜೀಪಿಗೆ ಹತ್ತಿಸಿ ಕಾಪುವಿನ ಸಣ್ಣ ನರ್ಸಿಂಗ್ ಹೋಮೊಂದಕ್ಕೆ ತಂದ.

ಮೊದಲ ದಿನ ಬೀರಪ್ಪ ಕುಡಿದದ್ದನ್ನೆಲ್ಲ ಕಕ್ಕಿದ. "ಬಾಯಿಗೆ ಎಂತದೂ ಕೊಡಬೇಡಿ," ಎಂದರು ಅಲ್ಲಿನ ಡಾಕ್ಟರು. ಕೈಗೆ ಸಲೈನ್ ಏರಿಸಿದರು. ಮರುದಿನ ವಾಂತಿ ನಿಂತಿತು. ಆದರೆ ಇನ್ನು ನೀರು ಕೊಡಬಹುದು ಎಂದು ಹೇಳಲು ಯಾರೂ ಬರಲಿಲ್ಲ.

"ಒಂದ್ ಗುಟುಕು ನೀರ್ ಕೊಡ ಶರಣಿ. ಸಾಯಾಕತ್ತೀನಿ."

"ಕೊಟ್ರ ಸಾಯ್ತಿ. ತಡಕೋ."

ಅವಳು ಸೆರಗಿನ ತುದಿ ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದಳು. ಅವನು ಅದನ್ನೇ ಕಚ್ಚಿ ಹೀರಲು ಹೋದರೆ ಬಿಡಿಸಿಕೊಳ್ಳುತ್ತಿದ್ದಳು. ನಾಲ್ಕನೆಯ ದಿನ ಅವನು ಕೇಳುವುದನ್ನೇ ಬಿಟ್ಟ. ನೋವು ಇಳಿಯಿತೆಂದು ಅವಳು ಸಮಾಧಾನಪಟ್ಟಳು. ಐದನೆಯ ದಿನ ಅವಳನ್ನೇ "ಯವ್ವಾ" ಎಂದು ಕರೆದ, ಕೈಕಾಲು ಅದುರತೊಡಗಿದವು. ಸಿರಿಲ್ ಆಂಬುಲೆನ್ಸ್ ತರಿಸಿ ಮಣಿಪಾಲಕ್ಕೆ ಸಾಗಿಸಿದ.

ಅಲ್ಲಿ ಡಾಕ್ಟರ್ ರೇಚಲ್ ರಕ್ತದ ವರದಿ ನೋಡಿ, "ಸೋಡಿಯಂ ನೂರ ಎಪ್ಪತ್ತು ಉಂಟು. ನೂರ ನಲವತ್ತರ ಹತ್ತಿರ ಇರಬೇಕಿತ್ತು. ನೀರು ಕೊಡಲಿಲ್ವಾ?" ಎಂದು ಕೇಳಿದರು.

"ಬ್ಯಾಡ ಅಂದಿದ್ರುರೀ."

"ಅದು ವಾಂತಿ ನಿಲ್ಲುವವರೆಗೆ ಮಾತ್ರ ಅಮ್ಮ. ಚರ್ಮ ಸುಟ್ಟ ಜಾಗದಿಂದ ಮೈಯ ನೀರು ಆರಿ ಹೋಗ್ತಾ ಇರ್ತದೆ. ಸಲೈನಿನಲ್ಲಿಯೂ ಉಪ್ಪೇ ಇರುವುದು. ನೀರು ಹೋಯಿತು, ಉಪ್ಪು ಉಳಿಯಿತು."

ಶರಣಮ್ಮ ಚೊಂಬಿಗೆ ಕೈಹಾಕಿದಳು. ಡಾಕ್ಟರು ತಡೆದರು. ಒಮ್ಮೆಲೇ ನೀರು ಹೋದರೆ ಮೆದುಳು ಬಾತುಕೊಳ್ಳುತ್ತದೆ, ನಿಧಾನವಾಗಿಯೇ ಇಳಿಸಬೇಕು ಎಂದರು. ಮೂಗಿನ ನಳಿಗೆಯಲ್ಲಿ ಗಂಟೆಗೊಮ್ಮೆ ಅಳೆದ ನೀರು ಹೋಯಿತು. ಕೈಗೆ ಗ್ಲೂಕೋಸ್ ಹಾಕಿ, ಮತ್ತೆ ಮತ್ತೆ ರಕ್ತ ತೆಗೆದು ನೋಡಿದರು.

ಮಣಿಪಾಲಕ್ಕೆ ಬಂದ ನಾಲ್ಕನೆಯ ದಿನ ಬೀರಪ್ಪ ಸರಿಯಾಗಿ ಕಣ್ಣು ಬಿಟ್ಟ. "ಈಗ ಕುಡಿಯಬಹುದು, ನೀವೇ ಕೊಡಿ," ಎಂದು ನರ್ಸ್ ವೆರೊನಿಕಾ ಶರಣಮ್ಮನ ಕೈಗೆ ಲೋಟ ಕೊಟ್ಟಳು. ಬೀರಪ್ಪ ಹೆಂಡತಿಯನ್ನು ನೋಡಿ ಮುಖ ತಿರುಗಿಸಿದ.

"ನೀವ ಕೊಡ್ರಿ ಅಕ್ಕಾರ. ಇಕಿ ಕೈಯಾಗಿಂದು ಬ್ಯಾಡ."

"ಬ್ಯಾಡ ಅಂದವರು ಡಾಕ್ಟರು. ನಾನಲ್ಲ," ಎಂದಳು ಶರಣಮ್ಮ.

"ಕೊಡಲಾರದಾಕಿ ನೀನ."

ಎರಡು ತಿಂಗಳು ಅವಳು ಅವನ ಮಲಮೂತ್ರ ಬಳಿದಳು. ಅದಕ್ಕೆ ಅವನು ಬೇಡವೆನ್ನಲಿಲ್ಲ. ನೀರು ಮಾತ್ರ ಬೇರೆಯವರ ಕೈಯಿಂದಲೇ ಕುಡಿದ. ಬಿಡುಗಡೆಯ ದಿನ ಅವನ ಅಣ್ಣ ಸೋಮಲಿಂಗ ಬಂದು, "ಹೇಳಿ ಕಳಸ್ತೀವಿ, ಆಮ್ಯಾಲ ಬಾ," ಎಂದು ತಮ್ಮನನ್ನಷ್ಟೇ ಊರಿಗೆ ಕರೆದೊಯ್ದ. ಯಾರೂ ಹೇಳಿ ಕಳಿಸಲಿಲ್ಲ. ಶರಣಮ್ಮ ಕಾರ್ಕಳದ ಕಲ್ಲುಕೋರೆಗೆ ಸೇರಿದಳು.

ಒಮ್ಮೆ ರಜೆ ಹಾಕಿ ಕಾಪುವಿಗೆ ಹೋಗಿ ಆ ಡಾಕ್ಟರ ಮುಂದೆ ನಿಂತಳು. ಅವರಿಗೆ ಬೀರಪ್ಪನ ನೆನಪಿರಲಿಲ್ಲ. ಎಲ್ಲ ಕೇಳಿ, "ಅನುಮಾನ ಇದ್ದರೆ ನೀವು ಕೇಳಬಹುದಿತ್ತು, ಅಲ್ವಾ?" ಎಂದರು.

"ಕೇಳೀನ್ರಿ. ನಿಮ್ಮ ನರ್ಸಮ್ಮಾರನ್ನ ದಿನಾ ಕೇಳೀನಿ. ಡಾಕ್ಟರು ಹೇಳ್ಬೇಕು ಅಂದ್ರು."

ಡಾಕ್ಟರು ಬಾಗಿಲತ್ತ ನೋಡಿ ಮುಂದಿನವರನ್ನು ಕರೆದರು.