ನಮ್ಮ ಗುಡ್ಡೆಗೆ ಏನು ಒಗ್ಗುತ್ತದೆ?

ದಿನಾ ಬೆಳಿಗ್ಗೆ ಏಳಕ್ಕೆ ಬರುತ್ತಿದ್ದ ಕಸದ ಗಾಡಿ ಮೂರು ದಿನದಿಂದ ಬಂದಿರಲಿಲ್ಲ. ಬಾಗಿಲು ಬಾಗಿಲಿಗೂ ಹಸಿ ಕಸದ ಬುಟ್ಟಿ ತುಂಬಿ ನಾರುತ್ತಿತ್ತು. ಏನಾಯಿತೆಂದು ನೋಡಲು ಹೊಲಿಗೆ ಮನೆಯ ಸೊಸೆ ಬೀದಿಯ ಕೊನೆಯಲ್ಲಿದ್ದ ಗೊಬ್ಬರದ ಅಂಗಳಕ್ಕೆ ಹೋದಳು.

ಗಾಡಿ ತಳ್ಳುವ ಅಕ್ಕ ಬಲಗೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಹಸಿ ಕಸ ಕೊಳೆಯಲು ಹಾಕಿದ್ದ ಗುಡ್ಡೆ ಕೆದಕುವಾಗ ಸೂಜಿ ಚುಚ್ಚಿ ಕೈ ಊದಿಕೊಂಡಿತ್ತಂತೆ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಹತ್ತು ದಿನ ಕೆಲಸ ಬೇಡ ಎಂದಿದ್ದರಂತೆ. ಎತ್ತಿಟ್ಟಿದ್ದ ಸೂಜಿಯನ್ನು ಆಕೆ ತೋರಿಸಿದಳು. ಅದರಲ್ಲಿ ನೀಲಿ ದಾರ ಇನ್ನೂ ಇತ್ತು. ನೀಲಿ ಸಮವಸ್ತ್ರ ಹೊಲಿಯುವ ಮನೆ ಆ ಬೀದಿಯಲ್ಲಿ ಒಂದೇ. ಸೊಸೆ ಸೂಜಿಯನ್ನು ಹತ್ತಿರದಿಂದ ನೋಡಿದಳು.

“ಅಕ್ಕಾ, ಇದು ನಮ್ಮನೇದು,” ಎಂದಳು.

ಅಕ್ಕ ಸೂಜಿಯನ್ನು ಮತ್ತೆ ಎತ್ತಿಟ್ಟಳು. “ಗೊತ್ತಿತ್ತು. ನಂದೂ ತಪ್ಪಿದೆ ಬಿಡಿ. ಕೊಳೆಯೋದೆಲ್ಲ ಹಾಕಿ ಅಂದ್ಬಿಟ್ಟೆ. ಯಾವುದು ಕೊಳೆಯುತ್ತೆ ಅನ್ನೋದು ಒಬ್ಬೊಬ್ರಿಗೆ ಒಂದೊಂದು ಥರ.”

ಮನೆಯಲ್ಲಿ ಬಟ್ಟೆಯ ಚೂರುಗಳನ್ನು ಗುಡಿಸಿ ಬುಟ್ಟಿಗೆ ಹಾಕುತ್ತಿದ್ದವರು ಅತ್ತೆ. ಸೂಜಿಯ ವಿಷಯ ಕೇಳಿ ಅವರ ಮುಖ ಸಪ್ಪಗಾಯಿತು. ಆದರೂ ಹತ್ತಿ ಬಟ್ಟೆ ಮಣ್ಣಿಗೇ ತಾನೆ ಹೋಗೋದು, ಅದರಲ್ಲೇನು ತಪ್ಪು ಎಂದು ವಾದಿಸಿದರು. ಅವರು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು.

ಆ ಭಾನುವಾರ ಬೀದಿಯವರೆಲ್ಲ ಅಂಗಳದಲ್ಲಿ ಸೇರಿದರು. ತಮ್ಮ ವಾದಕ್ಕೆ ಸಾಕ್ಷಿಯಾಗಿ ಅತ್ತೆಯ ಕೈಯಲ್ಲಿ ‘ಮಣ್ಣಿನಲ್ಲಿ ಕರಗುತ್ತದೆ’ ಎಂದು ಅಚ್ಚಾಗಿದ್ದ ಒಂದು ಚೀಲವಿತ್ತು. ಅಕ್ಕ ಎಡಗೈಯಲ್ಲೇ ಸಲಿಕೆ ಹಿಡಿದು ಹಳೆಯ ಗುಡ್ಡೆ ಕೆದಕಿದಳು. ಮೂರು ತಿಂಗಳ ಹಿಂದೆ ಹಾಕಿದ್ದ ಅಂಥದೇ ಚೀಲ ಹೊರಬಂತು. ಅಕ್ಷರ ಕೂಡ ಅಳಿಸಿರಲಿಲ್ಲ. ಸಲಿಕೆಗೆ ದಾರ, ಬಟ್ಟೆ ಸುತ್ತಿಕೊಂಡವು. ಅವುಗಳ ಜೊತೆಗೇ ಹಾಕಿದ್ದ ತರಕಾರಿ ಸಿಪ್ಪೆ ಮಾತ್ರ ಕಪ್ಪು ಮಣ್ಣಾಗಿತ್ತು.

“ದೊಡ್ಡ ಗೊಬ್ಬರ ಘಟಕದಲ್ಲಿ ಕಾವು ಜಾಸ್ತಿ, ಅಲ್ಲಿ ಈ ಚೀಲ ಕರಗಬಹುದೇನೋ ಅಮ್ಮ. ನಮ್ಮ ಗುಡ್ಡೆಯ ಹೊಟ್ಟೆ ಚಿಕ್ಕದು. ಅದಕ್ಕೆ ಒಗ್ಗೋದನ್ನಷ್ಟೇ ತಗೊಳ್ಳೋಣ,” ಎಂದಳು ಅಕ್ಕ.

ಅತ್ತೆ ಆ ಚೀಲವನ್ನು ಎಳೆದು ನೋಡಿದರು. ಹರಿಯಲಿಲ್ಲ. “ಸರಿ, ಏನು ಬೇಕು, ಏನು ಬೇಡ ಅಂತ ಪಟ್ಟಿ ಬರ್ಕೊಳ್ಳಿ ಹಾಗಾದ್ರೆ,” ಎಂದರು.

ಒಂದೊಂದಾಗಿ ತೀರ್ಮಾನವಾಯಿತು. ಸಿಪ್ಪೆ, ಉಳಿದ ಅಡುಗೆ, ಟೀ ಚರಟ, ಮೊಟ್ಟೆ ಚಿಪ್ಪು, ಒಣ ಎಲೆ ಬೇಕು. ಮೂಳೆ ಬೇಡ, ನಾಯಿಗಳು ಗುಡ್ಡೆ ಬಗೆಯುತ್ತವೆ ಎಂದವನು ಮಾಂಸದಂಗಡಿಯವನೇ. ಮಗುವಿನ ಡೈಪರನ್ನು ಕಾಗದದಲ್ಲಿ ಸುತ್ತಿ ಬೇರೆ ಕೊಡಬೇಕು. ಸೂಜಿ, ಬ್ಲೇಡು, ಗಾಜಿನ ಚೂರು ಮುಚ್ಚಳವಿರುವ ಡಬ್ಬಿಗೆ. ಬಟ್ಟೆಯ ಚೂರಿಗೆ ಅತ್ತೆಯೇ ದಾರಿ ಹೇಳಿದರು: ದಿಂಬಿಗೆ ತುಂಬಿದರಾಯಿತು.

ಅಕ್ಕನ ಕೈ ವಾಸಿಯಾಗಿ ಗಾಡಿ ಮತ್ತೆ ಬಂತು. ಈಗ ಅತ್ತೆ ಬಾಗಿಲಲ್ಲಿ ನಿಂತು ಅಕ್ಕಪಕ್ಕದವರ ಬುಟ್ಟಿಯನ್ನೂ ಇಣುಕಿ ನೋಡುತ್ತಾರೆ. ಬೀದಿಯವರು ಅವರಿಗೆ ‘ತಪಾಸಣೆ ಅಜ್ಜಿ’ ಎಂದು ಹೆಸರಿಟ್ಟಿದ್ದಾರೆ. ಆ ಹೆಸರು ಅವರಿಗೆ ಒಳಗೊಳಗೇ ಇಷ್ಟ.

ಕೇಳುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮಲ್ಲಿ ಪಟ್ಟಿ ಬೇರೆ ಇರಬಹುದು. ಹಾಗಾಗಿ ನಾಳೆ ಗಾಡಿ ಬಂದಾಗ ಒಂದು ನಿಮಿಷ ನಿಲ್ಲಿಸಿ, ಏನು ತಗೊಳ್ಳುತ್ತಾರೆ, ಏನು ಬೇಡ ಎಂದು ಕೇಳಿ. ಅನುಮಾನ ಬಂದದ್ದನ್ನು ಕೇಳುವವರೆಗೆ ಪಕ್ಕಕ್ಕಿಡಿ. ನೀವು ಬುಟ್ಟಿಗೆ ಹಾಕಿದ್ದನ್ನು ಇನ್ನೊಬ್ಬರು ಬರಿಗೈಯಲ್ಲಿ ಮುಟ್ಟುತ್ತಾರೆ.